ಅತ್ತೆಯವರ ಸವೆದ ಹೆಬ್ಬೆರಳು

ನಾಗರ ಪಂಚಮಿಗೆ ಬಂದ ಮಗಳು ಮರಳಿ ಹೊರಟಾಗ ತಮ್ಮ ಕೈಯಾರೆ, ತಮ್ಮದೇ ರೊಕ್ಕ ಕೊಡಬೇಕು ಎಂಬುದು ನಮ್ಮ ಅತ್ತೆಯವರ ಹಟ. ಮಗನ ಜೇಬಿನದು ನಡೆಯುತ್ತಿರಲಿಲ್ಲ. ಬನಹಟ್ಟಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ವರ್ಷವಿಡೀ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಬಂದ ಕೂಲಿಯನ್ನು ಬ್ಯಾಂಕಿಗೆ ಹಾಕಿ ಶ್ರಾವಣಕ್ಕೆ ತೆಗೆಯುವರು. ಬೀಳಗಿಯ ನಾದಿನಿ ಗಂಡನನ್ನು ಕಳೆದುಕೊಂಡ ಮೇಲಂತೂ ಆ ಹಟ ಇನ್ನೂ ಗಟ್ಟಿಯಾಯಿತು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಒಬ್ಬ ಮನೆಗೆ ಬಂದ. ಇಸ್ತ್ರಿಯ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಜಮಖಂಡಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದಂತೆಯೇ ಚಪ್ಪಲಿಯನ್ನು ಜೋಡಿಸಿಟ್ಟು ಒಳಬಂದ. ನನಗೆ ಅದು ಹಿಡಿಸಿತು. ನೇಕಾರರಿಗೆ ಹೊಸ ಯೋಜನೆ, ಆಧಾರ್ ನಂಬರು ಹೇಳಿ ಹೆಬ್ಬಟ್ಟು ಒತ್ತಿದರೆ ಸಾಕು ಎಂದ. ನಾನು ಚಹಾಕ್ಕಿಟ್ಟೆ.

ಅವನ ಪುಟ್ಟ ಯಂತ್ರ ಅತ್ತೆಯವರ ಬೆರಳನ್ನು ಗುರುತಿಸಲೇ ಇಲ್ಲ.

“ನೂಲು ನನ್ನ ಬೆರಳ ತಿಂದ್ ಬಿಟ್ಟೈತಿ ಯಪ್ಪಾ, ನಿನ್ನ ಮಶೀನಿಗೆ ಏನ್ ಉಳದೀತು?” ಎಂದು ಅವರು ನಕ್ಕರು.

“ಇರ್ಲಿ ಬಿಡ್ರಿ ಆಯಿ, ಮತ್ತೊಮ್ಮೆ ಒತ್ರಿ.”

ತಮ್ಮಿಂದ ಅವನಿಗೆ ತೊಂದರೆಯಾಯಿತಲ್ಲ ಎಂದು ಅತ್ತೆಯವರಿಗೆ ಸಂಕೋಚ. ಎದ್ದು ಹೋಗಿ ಕೈ ತೊಳೆದು, ಸೆರಗಿನಿಂದ ಒರೆಸಿ, ಸವೆದ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಬಂದರು. ರೇಷನ್ ಅಂಗಡಿಯಲ್ಲಿ ಕಲಿತ ಉಪಾಯ. ಈ ಸಲ ಯಂತ್ರ ಕುಂಯ್ ಎಂದಿತು.

“ಆತು ನೋಡ್ರಿ,” ಎಂದವನು ಚಹಾ ಕುಡಿದು ಹೋದ.

ಶ್ರಾವಣದಲ್ಲಿ ಬ್ಯಾಂಕಿಗೆ ಹೋದಾಗ ಖಾತೆ ಬರಿದಾಗಿತ್ತು. “ಮಳಿಗಿಂತ ಮೊದಲಽ ಹೆಬ್ಬಟ್ಟ ಒತ್ತಿ ತಗದೀರಲ್ರಿ,” ಎಂದಳು ಕೌಂಟರಿನ ಹುಡುಗಿ. ಆಗ ಆ ಚಹಾ, ಆ ಎಣ್ಣೆ, ಎಲ್ಲ ನೆನಪಾಯಿತು. ದೂರು ಬರೆದುಕೊಟ್ಟೆವು. ಹಣ ಮರಳಿ ಬರುತ್ತದೆಂದು ಯಾರೂ ಹೇಳಲಿಲ್ಲ. ಫೋನಿನಲ್ಲೇ ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಡಬಹುದು, ಬೇಕಾದಾಗ ತೆರೆದರಾಯಿತು ಎಂದು ಆ ಹುಡುಗಿ ತೋರಿಸಿಕೊಟ್ಟಳು. ಅಲ್ಲೇ ಬೆಂಚಿನ ಮೇಲೆ ಕೂತು ಹಾಕಿದೆ.

“ಬೆರಳಿಗೂ ಕೀಲಿ ಇರತೈತೇನವಾ?” ಅತ್ತೆಯವರು ಕೇಳಿದರು. “ಮತ್ತ ಇಷ್ಟ ದಿನಾ ಯಾಕ ತೆರದಿಟ್ಟಿದ್ರು?”

ನಾನು ಫೋನನ್ನು ಚೀಲಕ್ಕೆ ಹಾಕಿ ಅವರ ಕೈ ಹಿಡಿದು ಎಬ್ಬಿಸಿದೆ.

ಪಂಚಮಿಗೆ ನಾದಿನಿ ಬಂದಳು. ಉಂಡಿ ಕಟ್ಟಿದೆವು, ಜೋಕಾಲಿ ಹಾಕಿದೆವು. ಹೊರಡುವ ದಿನ ನನ್ನವರು ಒಂದಿಷ್ಟು ನೋಟುಗಳನ್ನು ತಾಯಿಯ ಕೈಗಿಡಲು ಹೋದರು. ಅತ್ತೆಯವರು ಕೈ ಹಿಂದೆಳೆದುಕೊಂಡರು.

“ನಿನ್ನವು ನೀನಽ ಕೊಡಪಾ. ನನ್ನವು ಅಂತ ಸುಳ್ಳ ಹ್ಯಾಂಗ ಹೇಳ್ಲಿ?”

“ಎವ್ವಾ, ಈ ಉಂಡಿ ಡಬ್ಬಿನಽ ಎತ್ತಾಕ ಆಗವಲ್ದು, ನಿನ್ನ ರೊಕ್ಕ ಬ್ಯಾರೆ ಎಲ್ಲಿ ಹೊರ್ಲಿ?” ನಾದಿನಿ ನಗಿಸಲು ನೋಡಿದಳು.

ಪ್ರತಿವರ್ಷ ಅತ್ತೆಯವರು ಮಗಳ ಅಂಗೈಯಲ್ಲಿ ನೋಟುಗಳನ್ನಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದರು. ಈ ಸಲವೂ ಮಡಚಿದರು, ಬರಿಗೈಯನ್ನೇ. ಹೊರಗೆ ಆಟೋದವನು ಹಾರ್ನ್ ಹಾಕುತ್ತಲೇ ಇದ್ದ. ಅವರು ಆ ಮುಷ್ಟಿಯನ್ನು ಬಿಡಲಿಲ್ಲ.