ಎರಡು ಗಂಗಾಳ

ನಮ್ಮ ಹೊಸಪೇಟೆ ಓಣಿಯ ಹಿರಿಯರೊಬ್ಬರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಮಾಳಿಗೆಯಿಂದ ಒಂದು ಬಕೆಟ್ ಇಳಿಸುವುದಿದ್ದರೂ ಅಂಗೈ ಎತ್ತಿ ತಡೆದು, "ಮೊದಲು ಕೆಳಗ ಯಾರ್ ಅದಾರ ನೋಡ್ರಿ" ಅನ್ನುತ್ತಿದ್ದರು.

ನೌಕರಿಯ ಜೊತೆಗೇ ಕಾರ್ಖಾನೆ ಕೊಟ್ಟಿದ್ದ ಆರೋಗ್ಯ ವಿಮೆಯೂ ಮುಗಿದಿತ್ತು. ಹೊಸದು ಮಾಡಿಸಲು ಏಜೆಂಟನಾದ ನನ್ನನ್ನು ಕರೆಸಿದರು. ಗಂಡ ಹೆಂಡತಿಗೆ ಸೇರಿ ಒಂದೇ ಪಾಲಿಸಿಯೋ, ಬೇರೆ ಬೇರೆ ಎರಡೋ ಎಂದು ತೀರ್ಮಾನವಾಗಬೇಕಿತ್ತು. ಒಂದೇ ಆದರೆ ಕಂತು ಕಡಿಮೆ, ವಿಮೆಯ ಮೊತ್ತ ಇಬ್ಬರಿಗೂ ಸೇರಿ ಒಂದೇ. ನಾನು ಅದನ್ನೇ ಹೊಗಳಿದೆ.

"ಒಂದ ಗಂಗಾಳದಾಗ ಇಬ್ರೂ ಉಂಡಂಗ್ರಿ. ಯಾರಿಗೆ ಎಷ್ಟು ಬೇಕೋ ಅಷ್ಟು."

"ಅದ ಸಾಕು ಬಿಡ್ರಿ," ಅಡುಗೆಮನೆಯಿಂದ ಅವರ ಹೆಂಡತಿ ಅಂದರು. "ಇಷ್ಟು ವರ್ಷ ಹಂಗ ಉಂಡೀವಿ."

ಹಿರಿಯರ ಅಂಗೈ ಮೇಲೆದ್ದಿತು.

"ಉಂಡೀವಿ, ಖರೆ. ಆದ್ರ ನಾ ಉಂಡು ಎದ್ದ ಮ್ಯಾಲೆ ಆಕಿ ಉಣ್ಣಾಕಿ. ನಾ ಬಿಟ್ಟಿದ್ದಷ್ಟ ಆಕಿಗೆ. ಈ ಪಾಲಿಸಿ ರೊಕ್ಕೆಲ್ಲ ನನ್ನ ಆಪರೇಷನ್‌ಗೇ ಹೋತಂದ್ರ, ಕೆಳಗ ಯಾರ್ ಅದಾರ ನೋಡ್ರಿ."

ನಾನು ಚೀಲದಿಂದ ಇನ್ನೊಂದು ಅರ್ಜಿ ತೆಗೆದೆ.

"ಎರಡು ಗಂಗಾಳ ಮಾಡ್ರಿ. ಆಕಿದು ಮೊದಲ ಬರೀರಿ."

ಅರ್ಜಿಗಳನ್ನು ತುಂಬುವಷ್ಟರಲ್ಲಿ ಊಟದ ಹೊತ್ತಾಯಿತು. ಆಕೆ ಎಂದಿನಂತೆ ತಮ್ಮನ್ನು ಮರೆತು, ನನಗೊಂದು, ಗಂಡನಿಗೊಂದು ಗಂಗಾಳ ಬಡಿಸಿ ತಂದಿಟ್ಟರು. ಅವರು ತಮ್ಮ ಗಂಗಾಳವನ್ನು ಆಕೆಯ ಕಡೆಗೆ ಸರಿಸಿದರು.

"ನೀ ಉಣ್ಣು. ನೀ ಬಿಟ್ಟಿದ್ದು ನನಗ," ಎಂದು ಗೋಡೆಗೆ ಒರಗಿ ಕೂತರು.