ಸೋದರಮಾವನಾದ ಆಝು ಅಜ್ಜಿ

ತಿಂಗಳು ತುಂಬಿದ ಮಗುವಿನ ತಲೆ ಬೋಳಿಸಿ, ಕೊಡೆಯ ನೆರಳಲ್ಲಿ ಸೋದರಮಾವ ಕಲ್ಲುಸೇತುವೆ ದಾಟಿಸಬೇಕು. ಆಗಲೇ ಮಗುವಿಗೆ ಧೈರ್ಯ ಬರುವುದು ಅಂತ ನಮ್ಮ ಕಾಲುವೆಯೂರಿನ ಶಾಸ್ತ್ರ. ಆದರೆ ನಾನು ಹುಟ್ಟಿದ ಕಾಲದಲ್ಲಿ ಮನೆಗೊಂದೇ ಮಗು ಅನ್ನುವುದು ಸರ್ಕಾರದ ಕಟ್ಟಳೆ. ನನಗೆ ಅಣ್ಣತಮ್ಮಂದಿರಿಲ್ಲ, ನನ್ನ ಮಗಳಿಗೆ ಸೋದರಮಾವ ಎಲ್ಲಿಂದ ಬರಬೇಕು?

ಸೋದರಮಾವನ ಬದಲಿಗೆ ಅಂತ ಅತ್ತೆ ಪಕ್ಕದ ಬೀದಿಯ ಮೀನಿನವನನ್ನು ಗೊತ್ತುಮಾಡಿದ್ದರು. ದೋಣಿಯ ಹಾರನ್ ಕೂಗಿದರೂ ಬೆಚ್ಚಿಬೀಳುವ ಆಸಾಮಿ ಅವನು! ನಾನು ಸೇತುವೆಯ ಬುಡದಲ್ಲಿ ತಾವರೆಬೀಜ ಮಾರುವ ಆಝು ಅಜ್ಜಿಯನ್ನು ಕೇಳಿಬಂದೆ.

ಅಜ್ಜಿ ಹುಟ್ಟಿದ್ದೇ ದೋಣಿಯಲ್ಲಿ. ಹೆಂಗಸು ದೋಣಿಯ ಮೂತಿಯ ಮೇಲೆ ನಿಂತರೆ ದೋಣಿ ಮುಳುಗುತ್ತದೆ ಅನ್ನುವ ಜನ. ಅಪ್ಪ ತೀರಿಕೊಂಡ ಮೇಲೆ ಈ ಹುಡುಗಿ ಮೂತಿಯ ಮೇಲೇ ನಿಂತು, ಗಳ ಊರಿ, ಇಟ್ಟಿಗೆ ತುಂಬಿದ ದೋಣಿಯನ್ನು ಇದೇ ಸೇತುವೆಯ ಕಮಾನಿನಡಿ ದಾಟಿಸಿದಳು. ಮೇಲಿಂದ ಉಗಿದವರೂ ಇದ್ದರಂತೆ. "ಉಗುಳು ನೀರಿಗ್ ಬಿತ್ತು, ದೋಣಿ ಮುಂದಕ್ ಹೋಯ್ತು" ಅನ್ನುತ್ತಾಳೆ. ಮೈಯಲ್ಲಿ ಕಸುವಿರುವ ತನಕ ಅದೇ ಕೆಲಸ ಮಾಡಿದಳು.

ಇವತ್ತು ಬೆಳಿಗ್ಗೆ ಮಗಳು ಲಿಂಗ್‌ಗೆ ಹೊಟ್ಟೆತುಂಬ ಹಾಲು ಕುಡಿಸಿ, ತೇಗಿಸಿ, ಅಜ್ಜಿಯ ಹೆಗಲಿಗೊಂದು ಬಟ್ಟೆ ಹಾಸಿ ಕೊಟ್ಟೆ. ಶುಭಕ್ಕೆಂದು ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚುತ್ತಿದ್ದ ಅತ್ತೆ ನೋಡಿ ಓಡಿಬಂದರು. ಕೊಡೆ ಅವರ ಕಂಕುಳಲ್ಲೇ ಇತ್ತು. ಅಷ್ಟರಲ್ಲಿ ಅಜ್ಜಿ ಸೇತುವೆಯ ಅರ್ಧದಷ್ಟು ಮೆಟ್ಟಿಲು ಹತ್ತಿಯಾಗಿತ್ತು.

"ಆಝಕ್ಕ, ಇಳಿ ಕೆಳಗೆ! ಹೆಂಗಸು ಯಾವೂರ ಸೋದರಮಾವ?"

"ಮೀಸೆ ಬೇಕಿದ್ರೆ ಮಸಿ ಬಳ್ಕೊತೀನಿ ಬಿಡು, ಶುಫೆನ್."

ಮೊಟ್ಟೆ ಸುಲಿಯುತ್ತಿದ್ದವರೆಲ್ಲ ನಕ್ಕರು. ಅತ್ತೆಗೆ ಇನ್ನಷ್ಟು ಉರಿಯಿತು. "ಕೊಡೆ ಕೊಡಲ್ಲ. ಮಗೂನ ವಾಪಸ್ ತಗೊಂಬಾ!"

"ಸೇತುವೆ ಹತ್ತಿದ ಮಗೂನ ಹಿಂದಕ್ ತಿರುಗಿಸಬಾರದು. ಅದೂ ನಿನ್ ಶಾಸ್ತ್ರಾನೇ ಕಣೇ."

ಅತ್ತೆ ಕೊಡೆಯನ್ನು ಇನ್ನೂ ಬಿಗಿಯಾಗಿ ಕಂಕುಳಿಗೆ ಒತ್ತಿಕೊಂಡರು. ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ, "ನೀವು ನಡೀರಿ ಅಜ್ಜಿ."

ಸೇತುವೆಯ ನೆತ್ತಿಯ ಮೇಲೆ ಅಜ್ಜಿ ನಿಂತಳು. ಹಿಂದೆ ದೋಣಿ ಎಳೆಯುತ್ತಿದ್ದ ಹಗ್ಗಗಳು ಉಜ್ಜಿ ಉಜ್ಜಿ ಕಲ್ಲಂಚಿನಲ್ಲಿ ಆಳವಾದ ತೋಡು ಬಿದ್ದಿದೆ. ಅದರೊಳಕ್ಕೆ ಲಿಂಗ್‌ಳ ಮುಷ್ಟಿ ಇಟ್ಟು ಅಂದಳು: "ನೋಡ್ಕೋ ಪುಟ್ಟಿ. ಕಲ್ಲೇ ಸವೆದಿದೆ, ನಿಮ್ಮ ಶುಫೆನ್ ಅಜ್ಜಿ ಸವೆಯಲ್ವಾ?"

ಕೆಳಗೆ ಮರಳುದೋಣಿಯೊಂದು ಕೂಗಿತು. ಮೀನಿನವನು ಹಾರಿಬಿದ್ದ. ಲಿಂಗ್ ಕಣ್ಣು ತೆರೆದಳು, ಅಳಲಿಲ್ಲ.

"ಬೋಳುತಲೆಗೆ ಬಿಸಿಲು ಹೊಡೀತಿದೆ!" ಅಂತ ಅತ್ತೆ ದಡದಡ ಹತ್ತಿ ಕೊಡೆ ಬಿಚ್ಚಿದರು. "ಮಗೂಗೆ ಮಾತ್ರ. ನಿಂಗಲ್ಲ."

"ನಂಗ್ಯಾಕೆ ಬೇಕು? ಗಟ್ಟಿಯಾಗಿ ಹಿಡ್ಕೊ, ಅಲ್ಲಾಡ್ತಿದೆ."

ಬೈದಾಡಿಕೊಂಡೇ ಇಬ್ಬರೂ ಮಗುವಿನ ಸಮೇತ ಆಚೆ ದಡಕ್ಕೆ ಇಳಿದರು.