ಗಾಡಿ ಮುಟ್ಟಿದ ಸುದ್ದಿ

ಅವರ ಎಡಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಬಲಗಿವಿ ಎಲ್ಲರ ಕಿವಿಯಂತೆಯೇ; ಎಡಗಿವಿಯ ಮಡಿಕೆಗಳಲ್ಲಿ ಮಾತ್ರ ಗ್ರೀಸು ಇಳಿದು ಕೂತುಬಿಟ್ಟಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ ಎಂದು ಅವರ ಹೆಂಡತಿ ದೂರುತ್ತಿದ್ದರು. ಕಾರಿನ ಕೆಳಗೆ ಅಂಗಾತ ಮಲಗಿ, ಬೋಲ್ಟು ಬಿಚ್ಚುವ ಪಾನಾದ ಒಂದು ತುದಿಯನ್ನು ಗಾಲಿಯ ಹತ್ತಿರದ ಜಾಯಿಂಟಿಗೆ ಆನಿಸಿ, ಇನ್ನೊಂದು ತುದಿಯನ್ನು ಆ ಕಿವಿಗೆ ಒತ್ತಿಕೊಂಡು, "ಸ್ಟೇರಿಂಗ್ ಅಲ್ಲಾಡಸು ತಮ್ಮಾ, ಸಾವಕಾಶ" ಎನ್ನುತ್ತಿದ್ದರು. ಒಳಗೆ ಕೂತ ಡ್ರೈವರು ಡಾಕ್ಟರ ಮುಂದೆ ಕೂತವನಂತೆ ಉಸಿರು ಬಿಗಿಹಿಡಿಯುತ್ತಿದ್ದ.

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕ ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕು ತಗಡು. ಅದೇ ಅವರ ಗ್ಯಾರೇಜು. ನಾವೆಲ್ಲ ಮಿಸ್ತ್ರಿ ಎನ್ನುತ್ತಿದ್ದೆವು. ನಾನು ಹಾನಗಲ್ಲಿನವನು, ಎಪ್ಪತ್ತರ ದಶಕದ ಕೊನೆಗೆ ಒಂದು ಹಳೆಯ ಕಾರು ಕೊಂಡು ಬಾಡಿಗೆಗೆ ಬಿಟ್ಟಿದ್ದೆ. ವಯಸ್ಸು ಚಿಕ್ಕದು, ಸಿಟ್ಟು ದೊಡ್ಡದು. ಮಿಸ್ತ್ರಿಯಷ್ಟು ಅಂಜುವ ಮನುಷ್ಯನನ್ನು ನಾನು ಮತ್ತೆಲ್ಲೂ ನೋಡಿಲ್ಲ. ಜೀವಮಾನವೆಲ್ಲ ಕಾರು ರಿಪೇರಿ ಮಾಡಿದವರು ಕಾರಿನಲ್ಲಿ ಮಾತ್ರ ಕೂಡುತ್ತಿರಲಿಲ್ಲ. ಹುಲಗೂರಿನ ದರ್ಗಾಕ್ಕೆ ಹೊರಟವರನ್ನು ಒಮ್ಮೆ ನಾನೇ ಕರೆದೆ. ಕೈ ಮುಗಿದುಬಿಟ್ಟರು.

"ಬಸ್ಸಿನ ಕೆಳಗ ನಾ ಎಂದೂ ಹೊಕ್ಕು ನೋಡಿಲ್ಲ ತಮ್ಮಾ, ಅದಕ್ಕ ಹತ್ತಾಕ ಧೈರ್ಯ ಐತಿ. ಕಾರಿನ ಕೆಳಗ ನೋಡೀನಲ್ಲ!"

ಅವರಿಗೆ ಹೆಚ್ಚಿನ ಭಯ ಬಾಲ್ ಜಾಯಿಂಟಿನದು. ಮುಂದಿನ ಗಾಲಿಗಳನ್ನು ಹೊರಳಿಸುವ ರಾಡಿನ ತುದಿಯಲ್ಲಿ ಬಟ್ಟಲಿನಂಥ ಗೂಡಿನೊಳಗೆ ಒಂದು ಉಕ್ಕಿನ ಗುಂಡು ಇರುತ್ತದೆ. ಗ್ರೀಸು ಹೊರಗೆ ಸೋರದಂತೆ, ಧೂಳು ಒಳಗೆ ಹೋಗದಂತೆ ಅದರ ಮೇಲೊಂದು ರಬ್ಬರಿನ ಟೊಪ್ಪಿಗೆ. ಆ ಟೊಪ್ಪಿಗೆ ಹರಿಯಿತೋ, ನಮ್ಮ ಕಡೆಯ ಕಪ್ಪು ಮಣ್ಣು ಒಳಗೆ ಸೇರಿ ಗುಂಡನ್ನು ತಿನ್ನತೊಡಗುತ್ತದೆ. ಸವೆದ ಗುಂಡು ಒಂದು ದಿನ ಗೂಡಿನಿಂದ ಕಳಚಿಕೊಂಡರೆ ಸ್ಟೇರಿಂಗ್ ಕೈಯಲ್ಲೇ ಇರುತ್ತದೆ, ಗಾಲಿ ತನಗೆ ಬೇಕಾದ ಕಡೆ ಹೊರಳುತ್ತದೆ.

ಬೇವಿನ ಬೊಡ್ಡೆಗೆ ಅವರು ಸಾಲಾಗಿ ಮೊಳೆ ಹೊಡೆದಿದ್ದರು. ಹರಿದ ಟೊಪ್ಪಿಗೆ ಬಿಚ್ಚಿದರೆ ಎಸೆಯದೆ ಮೊಳೆಗೆ ಸಿಕ್ಕಿಸುತ್ತಿದ್ದರು. ಆ ಗಾಡಿ ತನ್ನ ಊರು ಮುಟ್ಟಿತೆಂದು ಡ್ರೈವರು ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಬೇಕು. ಆಮೇಲೆಯೇ ಅದನ್ನು ತೆಗೆದು ಬಿಸಾಡುವುದು. ಎಲ್ಲಕ್ಕಿಂತ ಮೇಲಿನ ಮೊಳೆಯಲ್ಲಿ ಒಣಗಿ ಸೀಳಿದ ಒಂದು ರಬ್ಬರು ಯಾವಾಗಲೂ ಇರುತ್ತಿತ್ತು. ಯಾರ ಗಾಡಿಯದೆಂದು ಕೇಳಿದರೆ ಅವರು ಬೇರೆ ಮಾತು ತೆಗೆಯುತ್ತಿದ್ದರು. ನಾವು ಡ್ರೈವರುಗಳು ಚಹದಂಗಡಿಯಲ್ಲಿ ಕೂತು ಈ ಮೊಳೆಗಳ ಬಗ್ಗೆ ನಕ್ಕದ್ದೇ ನಕ್ಕದ್ದು.

ಒಂದು ಸುಗ್ಗಿಯಲ್ಲಿ ನನ್ನ ಕಾರಿನ ಕೆಳಗಿಂದ ಹೊರಬಂದು ಹೇಳಿದರು: "ಟೊಪಗಿ ಹರದೈತಿ ತಮ್ಮಾ. ಗುಂಡು ಸವಿಯಾಕತ್ತೈತಿ. ಜಾಯಿಂಟ್ ಹೊಸಾದು ಹಾಕೂಣು."

"ಮುಂದಿನ ವಾರ ಬರ್ತೇನ್ರಿ" ಎಂದು ಬಂದವನು ಹೋಗಲೇ ಇಲ್ಲ. ಹಳೆಯ ಧೋತರದ ತುಂಡಿಗೆ ಗ್ರೀಸು ಬಳಿದು, ಜಾಯಿಂಟಿಗೆ ಸುತ್ತಿ, ಸುತಳಿ ಕಟ್ಟಿದೆ. ಶಿಗ್ಗಾಂವಿ ಹಾಯುವಾಗ ಬೇವಿನ ಮರದ ಕಡೆ ನೋಡದೆ ವೇಗ ಹೆಚ್ಚಿಸುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು.

ಮರುವರ್ಷದ ಸುಗ್ಗಿಗೆ ನನ್ನ ತಂಗಿಯ ಮದುವೆ. ಗಂಡಿನವರು ಸವಣೂರಿನವರು. ಅವರದು ಒಂದೇ ಹಟ: ಮದುಮಗ ಕಾರಿನಲ್ಲಿಯೇ ಬರಬೇಕು. ಮುಹೂರ್ತ ಹಾನಗಲ್ಲಿನಲ್ಲಿ, ಹನ್ನೆರಡು ಗಂಟೆಗೆ. ಬೆಳಿಗ್ಗೆಯೇ ಕಾರಿಗೆ ಮಾವಿನೆಲೆ ಕಟ್ಟಿಕೊಂಡು ಒಬ್ಬನೇ ಹೊರಟೆ.

ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿಯನ್ನು ಬಳ್ಳಿ ಸಮೇತ ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಓಡಾಡುವ ಗಾಡಿಗಳ ಗಾಲಿಯೇ ಒಕ್ಕಣೆ ಮಾಡುತ್ತದೆ. ಬಂಕಾಪುರ ದಾಟುತ್ತಲೇ ಒಬ್ಬ ಮುದುಕಿ ಅಡ್ಡ ನಿಂತಳು. "ಯಪ್ಪಾ, ಇನ್ನೊಂದೆರಡ ಸಲ ಹಿಂದ ಮುಂದ ಹಾಯಿಸೋ, ಪುಣ್ಯ ಬರ್ತೈತಿ." ಇಂಥ ಮಾತಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ, ಅದರಲ್ಲೂ ಮದುವೆಯ ದಿನ. ನಾಲ್ಕು ಸಲ ಹಿಂದೆ ಮುಂದೆ ಹಾಯಿಸಿದೆ. ಆಕೆ ನನ್ನ ತಂಗಿಯನ್ನು ಬಾಯ್ತುಂಬ ಹರಸಿದಳು. ಅಲ್ಲಿಂದ ಎರಡು ಮೈಲಿ ಹೋಗುವಷ್ಟರಲ್ಲಿ ಎಡಗಾಲಿಯ ಕಡೆಯಿಂದ ಟಕ್ ಟಕ್ ಸದ್ದು ಶುರುವಾಯಿತು. ಸ್ಟೇರಿಂಗ್ ಒಂದು ಕಡೆ ಎಳೆಯತೊಡಗಿತು.

ಬೇವಿನ ಮರದ ಕೆಳಗೆ ಹೇಗೋ ತಂದು ನಿಲ್ಲಿಸಿದೆ. ಮಿಸ್ತ್ರಿ ಕೆಳಗೆ ತೂರಿ, ಜಾಯಿಂಟಿಗೆ ಸುತ್ತಿ ಹಗ್ಗದಂತೆ ಹುರಿಗೊಂಡ ಹುರುಳಿ ಬಳ್ಳಿಯನ್ನು ಹೊರಗೆಳೆದರು. ನನ್ನ ಧೋತರದ ತುಂಡೂ ಉಳಿದ ರಬ್ಬರೂ ಅದರ ಜೊತೆಗೇ ಕಿತ್ತು ಬಂದಿದ್ದವು.

"ಗಾಡಿ ಬಿಡಂಗಿಲ್ಲ."

"ನಿಮ್ಮ ಅಂಜಿಕಿ ನಿಮ್ಮ ಹಂತೇಕ ಇಟ್ಕೊರ್ರಿ!" ಎಂದು ಕೂಗಿದೆ. "ಹೊತ್ತಿಗೆ ಮದುಮಗ ಬರಲಿಲ್ಲಂದ್ರ ನನ್ನ ತಂಗಿ ಬಾಳೇವು ಏನಾಕ್ಕೈತಿ ಗೊತ್ತೈತೇನ್ರಿ?"

ಅವರು ಜಾಕ್ ಏರಿಸಿ ಗಾಲಿ ಬಿಚ್ಚಿದರು. ನಾನು ಆಡಬಾರದ ಮಾತೆಲ್ಲ ಆಡಿದೆ. ಹೇಡಿ ಎಂದೂ ಅಂದೆ. ಎರಡು ಸುತ್ತಿಗೆ ಹಿಡಿದು, ಒಂದನ್ನು ಆನಿಸಿ ಇನ್ನೊಂದರಿಂದ ಬಡಿದು ಜಾಯಿಂಟನ್ನು ಸಡಿಲಿಸಿದರು. ಆಮೇಲೆ ರಾಡಿನಿಂದ ತಿರುವಿ ಬಿಚ್ಚುತ್ತ "ಒಂದು, ಎರಡು, ಮೂರು" ಎಂದು ಎಣಿಸತೊಡಗಿದರು. ಬಿಚ್ಚಿದಷ್ಟೇ ಸುತ್ತು ಹೊಸದನ್ನು ಹಾಕದಿದ್ದರೆ ಗಾಲಿ ಸೊಟ್ಟಗಾಗುತ್ತದೆ. ನನ್ನ ಬೈಗುಳದ ನಡುವೆಯೂ ಎಣಿಕೆ ತಪ್ಪಲಿಲ್ಲ. ಹದಿನಾಲ್ಕಕ್ಕೆ ಕಳಚಿತು. ಅದನ್ನು ನನ್ನ ಕೈಗಿಟ್ಟರು.

"ಎಳಿ."

ಎರಡು ಬೆರಳಿನಿಂದ ಎಳೆದೆ. ಗುಂಡು ಬಂದುಬಿಟ್ಟಿತು. ಸುತ್ತಿಗೆ ಬೇಕಾಗಲಿಲ್ಲ, ಜೋರೂ ಬೇಕಾಗಲಿಲ್ಲ.

ನಾನು ನೆಲದ ಮೇಲೆ ಕೂತೆ. ಅರಿಶಿಣ ಹಚ್ಚಿಕೊಂಡು ಕಾಯುತ್ತಿರುವ ತಂಗಿ, ಹಿಂದಿನ ಸೀಟಿನಲ್ಲಿ ಮದುಮಗ, ಅವನ ಮಗ್ಗುಲಲ್ಲಿ ಅವನ ತಾಯಿ, ಎದುರಿಗೆ ಬರುವ ಲಾರಿ. ಎಲ್ಲ ಕಣ್ಣಿಗೆ ಕಟ್ಟಿತು. ಅಂಥ ಭಯವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮಿಸ್ತ್ರಿ ತಗಡಿನ ಸಂದಿಯಿಂದ ಒಂದು ಪೊಟ್ಟಣ ತೆಗೆದರು. ಒಳಗೆ ಹೊಸ ಜಾಯಿಂಟು, ಹೊಸ ಟೊಪ್ಪಿಗೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ನನ್ನ ಕಾರಿನ ನಂಬರು.

"ಹೋದ ಸುಗ್ಗ್ಯಾಗ ಹುಬ್ಬಳ್ಳಿಂದ ತರಸೀನಿ. ನಿನ್ನ ಗಾಡಿ ಹಾಯೂದು ನೋಡ್ತಿದ್ನಿ. ಪ್ರತಿ ಸಲಾನೂ ಎದಿ ಢವಢವ ಅಂತಿತ್ತು ತಮ್ಮಾ."

ಹದಿನಾಲ್ಕು ಸುತ್ತು ಎಣಿಸಿ ಹೊಸದನ್ನು ಕೂಡಿಸಿದರು. ಟೊಪ್ಪಿಗೆಯೊಳಗೆ ಹೆಬ್ಬೆರಳಿನಿಂದ ಗ್ರೀಸು ತುಂಬಿದರು, ಸಣ್ಣ ತಂತಿಯಿಂದ ಬಿಗಿದರು. ಹಳೆಯ ರಬ್ಬರು ಮೊಳೆಗೆ ಹೋಯಿತು. ನಾನು ಸ್ಟೇರಿಂಗ್ ಹಿಡಿದು ಕೂತೆ, ಕೀಲಿ ತಿರುವಲು ಮಾತ್ರ ಆಗುತ್ತಿಲ್ಲ. ಅವರು ಒಂದು ಗಳಿಗೆ ನೋಡಿದರು. ಆಮೇಲೆ ಕೈ ಒರೆಸಿಕೊಂಡು, ಮುಂದಿನ ಬಾಗಿಲು ತೆರೆದು, ನನ್ನ ಮಗ್ಗುಲಿಗೆ ಕೂತರು.

ಸವಣೂರಿನ ಹಾದಿಯುದ್ದಕ್ಕೂ ಎದುರಿನ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದಿದ್ದರು. ಹಣೆಯ ಬೆವರು ಎಡಗಿವಿಗೆ ಇಳಿಯುತ್ತಿತ್ತು. "ಸಾವಕಾಶ, ಭೇಷ್ ಐತಿ, ಹಿಂಗ ಹೊಡಿ" ಎನ್ನುತ್ತಿದ್ದರು. ನನ್ನ ಧೈರ್ಯಕ್ಕೋ ತಮ್ಮ ಧೈರ್ಯಕ್ಕೋ ತಿಳಿಯದು. ಆಮೇಲೆ ತಾವಾಗಿಯೇ ಮೇಲಿನ ಮೊಳೆಯ ಮಾತು ತೆಗೆದರು.

"ಅದು ನಮ್ಮಣ್ಣನ ಗಾಡೀದು. ಟೊಪಗಿ ಹರದಿತ್ತು, ಗುಂಡು ಸಡಲಿತ್ತು. ಅವಸರ ಐತಿ ಅಂದ. ಹೊಸಾ ಟೊಪಗಿ ಒಂದು ಹಾಕಿ ಬಿಟ್ಟಬಿಟ್ಟೆ. ನಾಳಿ ಬಾ, ಜಾಯಿಂಟ್ ಬದಲಸೂಣು ಅಂದ್ನಿ. ತಡಸದ ಹಾದ್ಯಾಗ ಗುಂಡು ಕಳಚಿತು. ಮುಟ್ಟಿದ ಸುದ್ದಿ ಬರ್ಲೇ ಇಲ್ಲ."

ರಸ್ತೆಯ ಮೇಲೆ ಕಣ್ಣಿಟ್ಟು ಓಡಿಸಿದೆ.

ಸವಣೂರಿನಲ್ಲಿ ಬೀಗರು ಮುಖ ಗಂಟಿಕ್ಕಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಮುಂದೆ ಹೋದರು. "ತಪ್ಪು ನಂದೈತ್ರಿ. ಇವ್ರು ಹೊತ್ತಿಗೇ ಹೊಂಟಿದ್ರು, ಗಾಡಿ ನಾ ಬಿಡಲಿಲ್ಲ." ಗ್ರೀಸು ಮೆತ್ತಿದ ಮನುಷ್ಯನೊಂದಿಗೆ ಜಗಳವೇನು ಎಂದು ಬೀಗರು ಸುಮ್ಮನಾದರು. ಕಾರು ತುಂಬಿತು. ಮಿಸ್ತ್ರಿ ಬಸ್ಸಿಗೆ ನಡೆದರು. ಹೋಗುತ್ತ ಕಿಟಕಿಗೆ ಬಾಗಿ, "ಮುಟ್ಟಿದ ಮ್ಯಾಲೆ ಸುದ್ದಿ ಕಳಸು" ಎಂದರು.

ಮುಹೂರ್ತಕ್ಕೆ ಹತ್ತು ನಿಮಿಷವಿರುವಾಗ ಹಂದರದ ಮುಂದೆ ಇಳಿಸಿದೆ. ಅಕ್ಷತೆ ಬಿತ್ತು, ಊಟವಾಯಿತು, ಬೀಗರು ನಕ್ಕರು. ನಾನೂ ನಕ್ಕೆ. ಸುದ್ದಿ ಕಳಿಸುವುದನ್ನು ಮರೆತೆ.

ಮರುದಿನ ಬೆಳಿಗ್ಗೆ ಹಂದರದ ಹೊರಗೆ ನಿಂತಿದ್ದ ನನ್ನ ಕಾರಿನ ಹತ್ತಿರ ಯಾರೋ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಮಿಸ್ತ್ರಿ. ಮೊದಲ ಬಸ್ಸಿಗೆ ಬಂದಿದ್ದರು. ಕಣ್ಣು ಕೆಂಪಗಿದ್ದವು. ಕಾರಿನ ಎಡಗಾಲಿಯ ಮೇಲೆ ಕೈಯಿಟ್ಟುಕೊಂಡಿದ್ದರು. ನಾನು ಓಡಿಹೋಗಿ ಕಾಲಿಗೆ ಬಿದ್ದೆ. ಅವರು ಬೈಯಲಿಲ್ಲ.

"ಗಾಡಿ ನೋಡಿದ್ನಿ, ಆತು" ಎಂದರು. ಊಟಕ್ಕೆ ಏಳಿರೆಂದರೆ, "ಮೊಳೀಗೆ ನಿಂದೊಂದು ಹಂಗ ಐತಿ, ಹೋಗಿ ತಗೀತೇನಿ" ಎಂದು ಅದೇ ಬಸ್ಸಿಗೆ ಹಿಂದಿರುಗಿದರು.

ಅಂದಿನಿಂದ ನನಗೂ ಅವರ ಭಯ ಅಂಟಿಕೊಂಡಿತು. ಚಿಕ್ಕೇರೂರಿಗೆ ಹೋಗಲಿ, ಹಿರೇಕೆರೂರಿಗೆ ಹೋಗಲಿ, ಹೊರಡುವ ಮುಂಚೆ ಮಂಡಿಯೂರಿ ಟೊಪ್ಪಿಗೆಗಳನ್ನು ಮುಟ್ಟಿ ನೋಡುತ್ತೇನೆ. ರಸ್ತೆಯ ಮೇಲೆ ಹುರುಳಿ ಕಂಡರೆ ಇಳಿದು ಬದಿಗೆ ಸರಿಸಿ ಹೋಗುತ್ತೇನೆ, ಬೈಸಿಕೊಳ್ಳುತ್ತೇನೆ. ಅವರ ಕೈಯಲ್ಲಿ ರಿಪೇರಿಯಾದ ಮೇಲೆ ಪ್ರತಿ ಸಲವೂ ಹಾನಗಲ್ಲಿನ ಬಸ್ ನಿಲ್ದಾಣಕ್ಕೆ ಹೋಗಿ ಶಿಗ್ಗಾಂವಿ ಬಸ್ಸಿನ ಕಂಡಕ್ಟರಿಗೆ ಹೇಳುತ್ತಿದ್ದೆ. ವರ್ಷಗಟ್ಟಲೆ ಒಬ್ಬನೇ ಕಂಡಕ್ಟರು ಆ ಸುದ್ದಿ ಒಯ್ದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹೋದರು. ಆರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ನನಗೆ ತಿಳಿದದ್ದು ಕೊನೆಗೆ. ಬೇವಿನ ಮರದ ಕೆಳಗೇ ಮಲಗಿಸಿದ್ದರು. ಎಡಗಿವಿ ಬೆಳ್ಳಗಿತ್ತು. ಅದನ್ನು ನೋಡಿ ಬೇರೆ ಯಾರನ್ನೋ ಮಲಗಿಸಿದ್ದಾರೆ ಅನ್ನಿಸಿತು. ಮೇಲಿನ ಮೊಳೆಯಲ್ಲಿ ಅಣ್ಣನ ಗಾಡಿಯ ರಬ್ಬರು ಹಾಗೆಯೇ ಇತ್ತು. ಯಾರೂ ಮುಟ್ಟಲಿಲ್ಲ.

ಮಣ್ಣು ಕೊಟ್ಟು ಸಂಜೆಗೆ ಹಾನಗಲ್ಲಿಗೆ ಬಂದೆ. ಕಾರು ತಾನಾಗಿಯೇ ಬಸ್ ನಿಲ್ದಾಣದ ಮುಂದೆ ನಿಂತಿತು. ಶಿಗ್ಗಾಂವಿ ಬಸ್ಸು ಹೊರಡುವುದರಲ್ಲಿತ್ತು.

"ಮಿಸ್ತ್ರಿಗೆ ಹೇಳ್ರಿ, ಗಾಡಿ ಮುಟ್ಟಿತಂತ" ಎಂದೆ.

ಕಂಡಕ್ಟರ್ ನನ್ನ ಮುಖ ನೋಡಿದ. ಬೆಳಿಗ್ಗೆ ಅವನೂ ಬೇವಿನ ಮರದ ಹತ್ತಿರ ಬಸ್ಸು ನಿಲ್ಲಿಸಿ, ಇಳಿದು, ಕೈ ಮುಗಿದು ಹೋಗಿದ್ದ.

"ಆತ್ರಿ, ಹೇಳ್ತೇನಿ" ಎಂದು ಸೀಟಿ ಊದಿದ.